ಕಾಲು ಊದಿದೆ ಅಂತ ಅಣ್ಣ ಮಾತ್ರೆ ಬಿಟ್ಟ ವಿಷಯ

ಅತ್ತಿಗೆ, ನಿಮ್ಮ ಮೆಸೇಜ್ ಈಗಷ್ಟೇ ನೋಡಿದೆ. ಬಿಪಿ ಮಾತ್ರೆ 5 ಮಿಲಿಗ್ರಾಂ ಇದ್ದದ್ದು 10 ಆದ ಮೇಲೆ ಅಣ್ಣನ ಕಾಲು ಊದಿದೆ, ಕಿಡ್ನಿ ಹೋಯ್ತು ಅಂತ ಹೆದರಿ 4 ದಿನದಿಂದ ಮಾತ್ರೆಯನ್ನೇ ಬಿಟ್ಟಿದ್ದಾರೆ ಅಂದಿರಿ. ಫೋಟೋದಲ್ಲಿರುವುದು ಆಮ್ಲೋಡಿಪಿನ್ ಅಲ್ವಾ? ಕಾಲು ಊದಿಸುವುದರಲ್ಲಿ ಅದು ಹೆಸರುವಾಸಿ.

ಆ ಮಾತ್ರೆ ರಕ್ತನಾಳ ಸಡಿಲ ಮಾಡಿ ಬಿಪಿ ಇಳಿಸುತ್ತದೆ. ರಕ್ತ ತರುವ ಸಣ್ಣ ನಾಳಗಳು ಚೆನ್ನಾಗಿ ಅಗಲವಾಗುತ್ತವೆ, ವಾಪಸ್ ಒಯ್ಯುವವು ಅಷ್ಟು ಆಗುವುದಿಲ್ಲ, ಅದಕ್ಕೆ ನೀರು ಜಿನುಗಿ ಪಾದದ ಗಂಟಿನ ಹತ್ತಿರ ನಿಲ್ಲುತ್ತದೆ. ಬೆಳಗ್ಗೆ ಕಡಿಮೆ, ಸಂಜೆ ಜಾಸ್ತಿ. ಸಾಕ್ಸ್ ತೆಗೆದರೆ ದಾರ ಕಟ್ಟಿದ ಹಾಗೆ ಗುರುತು. ಮೈಯಲ್ಲಿ ನೀರು ಹೆಚ್ಚಾಗಿ ಬಂದ ಊತ ಅಲ್ಲ ಇದು, ಹಾಗಾಗಿ ಮೂತ್ರ ಹೆಚ್ಚು ಹೋಗಿಸುವ ನೀರಿನ ಮಾತ್ರೆ ನುಂಗಿದರೂ ಅಷ್ಟಾಗಿ ಇಳಿಯುವುದಿಲ್ಲ. ಡಾಕ್ಟರು ಡೋಸ್ ಇಳಿಸಬಹುದು, ಇಲ್ಲವೇ ಟೆಲ್ಮಿಸಾರ್ಟನ್ ತರಹದ ಇನ್ನೊಂದು ಬಿಪಿ ಮಾತ್ರೆ ಜೊತೆಗೆ ಸೇರಿಸಬಹುದು, ಆಗ ಊತವೂ ತಗ್ಗುತ್ತದೆ. ಆದರೆ ಒಂದೇ ಕಾಲು ಊದಿದ್ದರೆ, ಅಥವಾ ಮಲಗಿದಾಗ ಉಸಿರು ಕಟ್ಟುತ್ತಿದ್ದರೆ ಕಾಯಬೇಡಿ, ಈಗಲೇ ಕರೆದುಕೊಂಡು ಹೋಗಿ.

ಇನ್ನೊಂದು ಮಾತು, ಮಂಡಿ ನೋವಿಗೆ ಅಂತ ಅಣ್ಣ ಸುಮ್ನೆ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೇನ್ ತಂದು ನುಂಗುತ್ತಿಲ್ಲ ತಾನೇ? ಅವೂ ಕಾಲು ಊದಿಸುತ್ತವೆ, ಬಿಪಿಯನ್ನೂ ಏರಿಸುತ್ತವೆ. ಡಾಕ್ಟರು ಕೇಳುವವರೆಗೆ ಯಾರೂ ಇದನ್ನು ಬಾಯಿ ಬಿಡುವುದಿಲ್ಲ.

ನನ್ನ ಕಥೆ ನಿಮಗೆ ಗೊತ್ತಲ್ಲ. ಎನಾಲಪ್ರಿಲ್ ಅನ್ನುವ ಬಿಪಿ ಮಾತ್ರೆ ಶುರು ಮಾಡಿದ ಮೇಲೆ ಒಣಕೆಮ್ಮು ಹಿಡಿಯಿತು. ಕಫ ಇಲ್ಲ, ಜ್ವರ ಇಲ್ಲ, ಗಂಟಲಲ್ಲಿ ಯಾರೋ ಗರಿ ಆಡಿಸಿದ ಹಾಗೆ. 2 ತಿಂಗಳು ಸಿರಪ್ ಕುಡಿದೆ, ಎಕ್ಸ್‌ರೇ ತೆಗೆಸಿದೆ, ಮನೆಯವರು ಫ್ಯಾನ್ ಬೈದರು, ದೂಳು ಬೈದರು. ಮಾತ್ರೆ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಕೊನೆಗೆ ಬೇರೆ ಡಾಕ್ಟರು ಮಾತ್ರೆ ಚೀಟಿ ನೋಡಿ ಅರ್ಧ ನಿಮಿಷದಲ್ಲಿ ಹೇಳಿದರು! ಹೆಸರಿನ ಕೊನೆಗೆ 'ಪ್ರಿಲ್' ಬರುವ ಮಾತ್ರೆ ತೆಗೆದುಕೊಳ್ಳುವ 100 ಜನರಲ್ಲಿ ಸುಮಾರು 10 ಜನಕ್ಕೆ ಹೀಗೆ ಆಗುತ್ತದಂತೆ. ಲೊಸಾರ್ಟನ್‌ಗೆ ಬದಲಾಯಿಸಿದರು, ಕೆಮ್ಮು ಪೂರ್ತಿ ಹೋಗಲು 3 ವಾರ ಹಿಡಿಯಿತು. ಕೆಮ್ಮಾದರೆ ಪರವಾಗಿಲ್ಲ, ಈ 'ಪ್ರಿಲ್' ಮಾತ್ರೆಗಳಿಂದ ತುಟಿ, ನಾಲಿಗೆ ಊದಿದರೆ ಮಾತ್ರ ಸೀದಾ ಎಮರ್ಜೆನ್ಸಿಗೇ ಹೋಗಬೇಕು.

ಚಿಕ್ಕಪ್ಪನೂ ಇದನ್ನು ಓದುತ್ತಿರುತ್ತಾರೆ ಅಂತ ಹೇಳುತ್ತಿದ್ದೇನೆ. ಚಿಕ್ಕಪ್ಪಾ, ನಿಮ್ಮದು ಮೆಟೊಪ್ರೊಲಾಲ್, ಎದೆಬಡಿತ ನಿಧಾನ ಮಾಡುವ ಮಾತ್ರೆ. ಸುಸ್ತು, ಕೈಕಾಲು ತಣ್ಣಗೆ ಅನ್ನುತ್ತೀರಿ, ಅದು ಅದರದೇ ಕೆಲಸ ಇರಬಹುದು. ಆದರೆ ಅಣ್ಣನನ್ನು ನೋಡಿ ನೀವೂ ಒಮ್ಮೆಲೇ ಬಿಟ್ಟೀರಿ ಮತ್ತೆ! ಅದನ್ನು ದಿಢೀರ್ ನಿಲ್ಲಿಸಿದರೆ ಎದೆಬಡಿತ ಜೋರಾಗುತ್ತದೆ, ಹೃದಯದ ತೊಂದರೆ ಇದ್ದವರಿಗೆ ಎದೆನೋವೂ ಬರಬಹುದು. ಡಾಕ್ಟರು ಹೇಳಿದ ಹಾಗೆ ನಿಧಾನವಾಗಿ ಇಳಿಸಬೇಕು.

ಅತ್ತಿಗೆ, ಇವತ್ತೇ ಡಾಕ್ಟರಿಗೆ ಫೋನ್ ಮಾಡಿ 4 ದಿನ ಬಿಟ್ಟದ್ದನ್ನು ಮುಚ್ಚಿಡದೆ ಹೇಳಿ. ಬಿಟ್ಟದ್ದನ್ನು ಸರಿದೂಗಿಸುತ್ತೇನೆ ಅಂತ ಅಣ್ಣ ಎರಡೆರಡು ನುಂಗದ ಹಾಗೆ ನೋಡಿಕೊಳ್ಳಿ, ಅವರು ಮಾಡಿಬಿಡುತ್ತಾರೆ. ಮನೆಯಲ್ಲಿ ಮಷಿನ್ ಇದೆಯಲ್ಲ, 5 ನಿಮಿಷ ಸುಮ್ಮನೆ ಕೂರಿಸಿ ಬಿಪಿ ನೋಡಿ ಇಲ್ಲೇ ಹಾಕಿ, ನಾನು ಎದ್ದೇ ಇರುತ್ತೇನೆ.