ಬೈಕ್ ಮಾರಿ ಮೂರು ವರ್ಷ ಆಯ್ತು, ಈಗ ಕೋರ್ಟಿನಿಂದ ನೋಟಿಸ್ ಬಂದಿದೆ. ಏನು ಮಾಡಲಿ?

ಪ್ರಶ್ನೆ:
ಮೇಡಂ, ನಮಸ್ಕಾರ. 2022ರಲ್ಲಿ ನನ್ನ ಬೈಕನ್ನು ಪರಿಚಯದವರೊಬ್ಬರಿಗೆ ಮಾರಿದೆ. ದುಡ್ಡು ತಗೊಂಡು ಕೀ, ಆರ್‌ಸಿ ಎರಡೂ ಕೊಟ್ಟೆ. ಹೆಸರು ಬದಲಾವಣೆಗೆ ಬೇಕಾದ ಫಾರಂ 29, ಫಾರಂ 30ಕ್ಕೆ ಸಹಿ ಹಾಕಿಕೊಟ್ಟೆ. "ವಾರದಲ್ಲಿ ಹೆಸರು ಮಾಡಿಸ್ಕೋತೀನಿ" ಅಂದಿದ್ದರು. ಆಮೇಲೆ ನಾನು ಅದನ್ನು ಮರೆತೇ ಬಿಟ್ಟೆ. ಈಗ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಿಂದ ನೋಟಿಸ್ ಬಂದಿದೆ. 2024ರ ಅಕ್ಟೋಬರ್‌ನಲ್ಲಿ ಆ ಬೈಕ್ ರಸ್ತೆ ದಾಟುತ್ತಿದ್ದ ಒಬ್ಬ ಹಿರಿಯರಿಗೆ ಗುದ್ದಿ ಅವರ ಕಾಲು ಮುರಿದಿದೆಯಂತೆ. ಓಡಿಸಿದ್ದು ಕೊಂಡವರ ಬಾಮೈದ. 12 ಲಕ್ಷ ಪರಿಹಾರ ಕೇಳಿದ್ದಾರೆ. ಅರ್ಜಿಯಲ್ಲಿ ನಾನು ಎರಡನೇ ಎದುರುದಾರ! ಕೊಂಡವರು "ಇನ್ಶೂರೆನ್ಸ್ ಇಲ್ಲ, ನೀವೇ ನೋಡ್ಕೊಳ್ಳಿ" ಅಂತ ಫೋನ್ ಇಟ್ಟರು. ಗಾಡಿ ನನ್ನದಲ್ಲ ಅಂತ ಹೇಳಿಬಿಟ್ಟರೆ ಸಾಕಲ್ವಾ?

ವಕೀಲರ ಉತ್ತರ:
ಸಾಕಾಗಲ್ಲ ಸರ್. ಮೋಟಾರು ವಾಹನ ಕಾಯ್ದೆ, 1988ರ ಸೆಕ್ಷನ್ 2(30) ತೆಗೆದು ನೋಡಿ. ಯಾರ ಹೆಸರಲ್ಲಿ ನೋಂದಣಿ ಇದೆಯೋ ಅವರೇ ಮಾಲೀಕ. ದುಡ್ಡು ಯಾರು ಕೊಟ್ಟರು, ಕೀ ಯಾರ ಹತ್ತಿರ ಇದೆ ಅನ್ನುವುದು ಅಲ್ಲಿ ಲೆಕ್ಕಕ್ಕಿಲ್ಲ. ಸಾಲದ ಕಂತಿನ ಗಾಡಿಗೆ ಮತ್ತು ಮಾಲೀಕ ಅಪ್ರಾಪ್ತನಾಗಿದ್ದರೆ ಮಾತ್ರ ಸ್ವಲ್ಪ ಬೇರೆ ಲೆಕ್ಕ.

ಇದರ ಮೇಲೆ ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಗೊಂದಲವೇ ಇಲ್ಲದಂತೆ ಹೇಳಿಬಿಟ್ಟಿದೆ. ಮೊದಲ ಮಾಲೀಕರು 2007ರಲ್ಲೇ ಕಾರು ಮಾರಿದ್ದರು. ಅಲ್ಲಿಂದ ಅದು ಕೈಯಿಂದ ಕೈಗೆ ಹೋಗುತ್ತಾ ಇತ್ತು. 2009ರಲ್ಲಿ ಅಪಘಾತ ಆಯಿತು. ಆರ್‌ಸಿ ಮಾತ್ರ ಇನ್ನೂ ಮೊದಲಿನವರ ಹೆಸರಲ್ಲೇ, ವಿಮೆಯೂ ಇಲ್ಲ. ಹೈಕೋರ್ಟ್ ಕೊನೆಯದಾಗಿ ಕಾರು ಕೊಂಡವರ ಮೇಲೆ ಹೊಣೆ ಹಾಕಿತ್ತು. ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ, ಆರ್‌ಸಿಯಲ್ಲಿ ಹೆಸರಿದ್ದವರೇ ಕೊಡಬೇಕು ಅಂದಿತು. ಪೆಟ್ಟು ತಿಂದವರು ಗಾಡಿ ಯಾರ್ಯಾರ ಕೈ ದಾಟಿದೆ ಅಂತ ಹುಡುಕಿಕೊಂಡು ಅಲೆಯಬಾರದು ಅನ್ನುವುದು ಅದರ ಕಾರಣ. ನಮ್ಮ ಕಕ್ಷಿದಾರರಿಗೆ ಇದು ಅನ್ಯಾಯ ಅನಿಸುತ್ತದೆ. ಗಾಯಾಳುವಿನ ಕಡೆ ನಿಂತು ನೋಡಿದರೆ ನನಗೆ ಸರಿ ಅಂತಲೇ ಅನಿಸುತ್ತದೆ.

ಆದರೆ ಗಾಬರಿ ಬೇಡ. ಮೊದಲು ಎರಡು ವಿಷಯ ಹೇಳಿ. ಬೈಕ್ ಹೊಸದಾಗಿ ಕೊಂಡಿದ್ದು ಯಾವಾಗ? ಶೋರೂಂನಲ್ಲಿ ಕೊಟ್ಟ ಮೊದಲ ಪಾಲಿಸಿಯ ಕಾಗದ ಇದೆಯಾ?

ಕೇಳಿದವರು:
2019 ಡಿಸೆಂಬರ್ ಮೇಡಂ. ಹಳೇ ಫೈಲ್ ಹುಡುಕಿದೆ, ಪಾಲಿಸಿಯ ಜೆರಾಕ್ಸ್ ಸಿಕ್ಕಿತು. ಆದರೆ ಅದರಲ್ಲಿ 2020 ಡಿಸೆಂಬರ್‌ಗೆ ಮುಗಿದಿದೆ ಅಂತ ಇದೆ.

ವಕೀಲರ ಉತ್ತರ:
ಅದೇ ಹಾಳೆಯನ್ನು ಇನ್ನೊಮ್ಮೆ ನಿಧಾನಕ್ಕೆ ನೋಡಿ. ಅದರಲ್ಲಿ ಎರಡು ಅವಧಿ ಇರುತ್ತದೆ. ಒಂದು "ಓನ್ ಡ್ಯಾಮೇಜ್", ಅಂದರೆ ನಿಮ್ಮ ಗಾಡಿಗೇ ಆಗುವ ನಷ್ಟ. ಅದು ಹೆಚ್ಚಾಗಿ ಒಂದೇ ವರ್ಷಕ್ಕೆ ಇರುತ್ತದೆ. ಅದರ ಕೆಳಗೋ ಪಕ್ಕದಲ್ಲೋ "ಲಯಬಿಲಿಟಿ" ಅಥವಾ "ಥರ್ಡ್ ಪಾರ್ಟಿ", ಅಂದರೆ ನಿಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ನಷ್ಟ, ಅಂತ ಇನ್ನೊಂದು ತಾರೀಕು ಇರುತ್ತದೆ. 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ 5 ವರ್ಷದ, ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಮಾಡಿಸಬೇಕು ಅಂತ ಬಂತು. ನಿಮ್ಮದು 2019ರ ಗಾಡಿ.

ಕೇಳಿದವರು:
ಮೇಡಂ!! ಸಣ್ಣ ಅಕ್ಷರದಲ್ಲಿ ಇದೆ. ಲಯಬಿಲಿಟಿ 2024ರ ಡಿಸೆಂಬರ್‌ವರೆಗೆ. ಅಂದರೆ ಅಪಘಾತದ ದಿನ ವಿಮೆ ಇತ್ತು!

ವಕೀಲರ ಉತ್ತರ:
ಇತ್ತು. ಕೊಂಡವರೂ ನಿಮ್ಮಂತೆ ಮೊದಲನೇ ತಾರೀಕು ಮಾತ್ರ ನೋಡಿದ್ದಾರೆ. ಗಾಯಾಳುವಿನ ವಕೀಲರಿಗೂ ಪಾಲಿಸಿ ಸಿಕ್ಕಿಲ್ಲ ಅನಿಸುತ್ತದೆ, ಇಲ್ಲದಿದ್ದರೆ ಕಂಪನಿಯನ್ನು ಮೊದಲೇ ಎದುರುದಾರ ಮಾಡುತ್ತಿದ್ದರು.

ಈಗ ಮಾಡಬೇಕಾದ್ದು ಹೇಳುತ್ತೇನೆ. ನೋಟಿಸಿನಲ್ಲಿರುವ ದಿನ ತಪ್ಪದೆ ವಕೀಲರ ಮೂಲಕ ಹಾಜರಾಗಿ. "ನನಗೇನು ಸಂಬಂಧ" ಅಂತ ಮನೆಯಲ್ಲಿ ಕೂತರೆ ನಿಮ್ಮನ್ನು ಎಕ್ಸ್‌ಪಾರ್ಟಿ ಮಾಡಿ, ಅಂದರೆ ನಿಮ್ಮ ಮಾತು ಕೇಳದೆಯೇ, ಆದೇಶ ಬರೆಯುತ್ತಾರೆ. ನನ್ನ ಹತ್ತಿರ ಬರುವ ಇಂಥ ಕೇಸುಗಳಲ್ಲಿ ಜಾಸ್ತಿ ಹಾಳಾಗುವುದು ಇಲ್ಲೇ. ಕೋರ್ಟಿಗೆ ಕೊಡುವ ಲಿಖಿತ ಉತ್ತರದಲ್ಲಿ ಮಾರಿದ ದಿನ, ಕೊಂಡವರ ವಿವರ, ಪಾಲಿಸಿ ನಂಬರ್ ಎಲ್ಲ ಬರೆಸಿ. ವಿಮಾ ಕಂಪನಿಯನ್ನೂ ಕೊಂಡವರನ್ನೂ ಪ್ರಕರಣಕ್ಕೆ ಸೇರಿಸಬೇಕು ಅಂತ ಅರ್ಜಿ ಹಾಕಿಸಿ. ಪಾಲಿಸಿಯ ಪ್ರತಿ ಜೊತೆಗೇ ಹೋಗಲಿ. ಆರ್‌ಟಿಒದಿಂದ ಬಿ ಎಕ್ಸ್‌ಟ್ರ್ಯಾಕ್ಟ್ (ಗಾಡಿಯ ನೋಂದಣಿ ವಿವರದ ಪ್ರತಿ) ತೆಗೆಸಿಡಿ.

ಗಾಡಿ ಮಾರಿದ್ದನ್ನು ತಿಳಿಸಲಿಲ್ಲ ಅಂತ ಕಂಪನಿಯವರು ತಕರಾರು ತೆಗೆಯಬಹುದು. ಆ ವಾದ ಥರ್ಡ್ ಪಾರ್ಟಿ ವಿಷಯದಲ್ಲಿ ನಿಲ್ಲುವುದಿಲ್ಲ. ಸೆಕ್ಷನ್ 157ರ ಪ್ರಕಾರ ಗಾಡಿಯ ಜೊತೆ ಪಾಲಿಸಿಯೂ ಕೊಂಡವರಿಗೆ ಹೋದಂತೆ ಲೆಕ್ಕ. ಕೊಂಡವರು 14 ದಿನದಲ್ಲಿ ಕಂಪನಿಗೆ ತಿಳಿಸಬೇಕು ಅಂತ ಇದೆ, ನಿಜ. ತಿಳಿಸದಿದ್ದರೆ ಅವರ ಸ್ವಂತ ಗಾಡಿಯ ನಷ್ಟ ಅವರಿಗೆ ಸಿಗದೇ ಹೋಗಬಹುದು. ರಸ್ತೆಯಲ್ಲಿ ಪೆಟ್ಟು ತಿಂದವರ ಹಕ್ಕು ಅದರಿಂದ ಹೋಗುವುದಿಲ್ಲ.

ನನಗೆ ಚಿಂತೆ ಇರುವುದು ಇನ್ನೊಂದು ಕಡೆ. ಆ ಬಾಮೈದನಿಗೆ ಡಿಎಲ್ ಇತ್ತಾ?

ಕೇಳಿದವರು:
ಗೊತ್ತಿಲ್ಲ ಮೇಡಂ. ಇಲ್ಲ ಅಂದರೆ?

ವಕೀಲರ ಉತ್ತರ:
ಇಲ್ಲದಿದ್ದರೆ "ಪೇ ಅಂಡ್ ರಿಕವರಿ" ಆದೇಶ ಬರುವ ಸಾಧ್ಯತೆ ಇದೆ. ಅಂದರೆ ಮೊದಲು ಕಂಪನಿ ಗಾಯಾಳುವಿಗೆ ದುಡ್ಡು ಕಟ್ಟಬೇಕು, ಆಮೇಲೆ ಮಾಲೀಕರಿಂದ ವಸೂಲಿ ಮಾಡಿಕೊಳ್ಳಬಹುದು. ದಾಖಲೆಯಲ್ಲಿ ಮಾಲೀಕರು ನೀವೇ. ಅಲ್ಲಿ ನಿಮ್ಮ ಮಾರಾಟದ ಕಾಗದ ಕೆಲಸಕ್ಕೆ ಬರುತ್ತದೆ. ಗಾಡಿ ನನ್ನ ಕೈಯಲ್ಲಿರಲಿಲ್ಲ, ಅವನಿಗೆ ಓಡಿಸಲು ನಾನು ಕೊಟ್ಟಿಲ್ಲ ಅಂತ ತೋರಿಸಬೇಕಲ್ವಾ? ಡೆಲಿವರಿ ನೋಟ್, ದುಡ್ಡು ಬಂದ ಬ್ಯಾಂಕ್ ದಾಖಲೆ, ವಾಟ್ಸಾಪ್ ಮಾತು, ಏನಿದ್ದರೂ ಅಳಿಸಬೇಡಿ. ನೀವು ಏನಾದರೂ ಕಟ್ಟಬೇಕಾಗಿ ಬಂದರೆ ಕೊಂಡವರ ಮೇಲೆ ದಾವೆ ಹಾಕುವುದಕ್ಕೂ ಇವೇ ಆಧಾರ. ಪೊಲೀಸ್ ಕೇಸಿನ ಚಾರ್ಜ್‌ಶೀಟ್ ಪ್ರತಿ ತರಿಸಿ. ಡಿಎಲ್ ಇತ್ತೋ ಇಲ್ಲವೋ ಅದರಲ್ಲೇ ಗೊತ್ತಾಗುತ್ತದೆ. ಕ್ರಿಮಿನಲ್ ಕೇಸಿನ ಭಯ ನಿಮಗೆ ಬೇಡ, ಅಡ್ಡಾದಿಡ್ಡಿ ಓಡಿಸಿದ ತಪ್ಪು ಓಡಿಸಿದವನದು.

ಇನ್ನೊಬ್ಬರ ಪ್ರಶ್ನೆ:
ಮೇಡಂ, ಇದನ್ನು ಓದಿ ಭಯ ಆಯ್ತು. ನಾನು ಮುಂದಿನ ವಾರ ಕಾರು ಮಾರುತ್ತಿದ್ದೇನೆ. ಸಹಿ ಮಾಡಿಕೊಟ್ಟರೆ ಮುಗಿಯಲ್ಲ ಅಂದರೆ ಮತ್ತೇನು ಮಾಡಬೇಕು?

ವಕೀಲರ ಉತ್ತರ:
ಸಹಿ ಮಾಡಿದ ಫಾರಂ ಕೊಂಡವರ ಡ್ಯಾಶ್‌ಬೋರ್ಡಿನಲ್ಲಿ ಕೂತಿದ್ದರೆ ಏನೂ ಪ್ರಯೋಜನವಿಲ್ಲ. ಸೆಕ್ಷನ್ 50 ಓದಿ: ಮಾರಿದವರೇ ಆರ್‌ಟಿಒಗೆ ತಿಳಿಸಬೇಕು. ರಾಜ್ಯದೊಳಗೆ ಮಾರಿದರೆ 14 ದಿನ, ಹೊರರಾಜ್ಯದವರಿಗಾದರೆ 45 ದಿನ. ಕೊಂಡವರಿಗೆ 30 ದಿನ. ಫಾರಂ 29 ನಿಮ್ಮ ಜವಾಬ್ದಾರಿ, ಬೇರೆಯವರಿಗೆ ವಹಿಸಬೇಡಿ. ಬ್ಯಾಂಕ್ ಸಾಲ ಇದ್ದರೆ ಮೊದಲು ಬ್ಯಾಂಕಿನಿಂದ ಫಾರಂ 35 ತಂದು ಆರ್‌ಸಿಯಿಂದ ಎಚ್‌ಪಿ (ಸಾಲದ ನಮೂದು) ತೆಗೆಸಿ.

ಫಾರಂ 29 ಕೊಟ್ಟ ಮಾತ್ರಕ್ಕೆ ಆರ್‌ಸಿಯಲ್ಲಿ ಹೆಸರು ಬದಲಾಗುವುದಿಲ್ಲ, ಅದನ್ನೂ ತಿಳಿದಿರಿ. ಹಾಗಾಗಿ ಸಾಧ್ಯವಾದರೆ ಟ್ರಾನ್ಸ್‌ಫರ್ ಅರ್ಜಿ ಇಬ್ಬರೂ ಕೂತು ಹಾಕಿ, ಆಮೇಲೆ ಕೀ ಕೊಡಿ. ಒಪ್ಪದಿದ್ದರೆ ಹೆಸರು ಬದಲಾಗುವವರೆಗೂ ಸ್ವಲ್ಪ ಡೆಪಾಸಿಟ್ ಇಟ್ಟುಕೊಳ್ಳಿ. ಆ ದುಡ್ಡು ವಾಪಸ್ ಬೇಕಲ್ವಾ, ಅವರೇ ಆರ್‌ಟಿಒಗೆ ಓಡಾಡುತ್ತಾರೆ. ಸರ್ಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ಗಾಡಿ ಯಾರ ಹೆಸರಲ್ಲಿದೆ ಅಂತ ಆಗಾಗ ನೋಡುತ್ತಿರಿ.

ಇನ್ನೊಬ್ಬರು:
ಎಕ್ಸ್‌ಚೇಂಜ್‌ನಲ್ಲಿ ಕೊಟ್ಟರೆ? ಸೆಕೆಂಡ್ ಹ್ಯಾಂಡ್ ಡೀಲರ್ ಹತ್ತಿರ ಗಾಡಿ ತಿಂಗಳುಗಟ್ಟಲೆ ನಮ್ಮ ಹೆಸರಲ್ಲೇ ನಿಂತಿರುತ್ತದೆ.

ವಕೀಲರ ಉತ್ತರ:
ಅದಕ್ಕೇ 2022ರ ಡಿಸೆಂಬರ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ಬಂತು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆರ್‌ಟಿಒದಿಂದ ಅಧಿಕಾರ ಪತ್ರ ಪಡೆದ ಡೀಲರ್‌ಗೆ ಗಾಡಿ ಕೊಡುವಾಗ ಫಾರಂ 29ಸಿ ಆನ್‌ಲೈನಲ್ಲಿ ಸಲ್ಲಿಸಬೇಕು. ಅಲ್ಲಿಂದ ಡೀಲರ್‌ನೇ ಮಾಲೀಕ ಅಂತ ಭಾವಿಸಲಾಗುತ್ತದೆ, ಆಮೇಲೆ ಆಗುವುದೆಲ್ಲ ಅವರ ತಲೆಗೆ. ಅವರು ಆ ಗಾಡಿಯಲ್ಲಿ ಊರು ಸುತ್ತುವಂತೆಯೂ ಇಲ್ಲ. ಟ್ರಯಲ್, ರಿಪೇರಿ, ತಪಾಸಣೆಯಂಥ ಕೆಲಸಕ್ಕೆ ಮಾತ್ರ ಹೊರಗೆ ತೆಗೆಯಬಹುದು, ಪ್ರತಿ ಓಡಾಟವನ್ನೂ ಬರೆದಿಡಬೇಕು. ರಸ್ತೆ ಬದಿಯಲ್ಲಿ ನಾಲ್ಕು ಗಾಡಿ ನಿಲ್ಲಿಸಿಕೊಂಡ ಬ್ರೋಕರ್ ಹತ್ತಿರ ಅಧಿಕಾರ ಪತ್ರ ಇದೆಯಾ ಅಂತ ಕೇಳಿ ನೋಡಿ. ಮುಖ ನೋಡಿದರೆ ಉತ್ತರ ಗೊತ್ತಾಗುತ್ತದೆ.

ಇನ್ನೊಬ್ಬರ ಪ್ರಶ್ನೆ:
ಅಕ್ಕಾ, ನಾನು ಮಾರಿಲ್ಲ, ಸುಮ್ನೆ ಅಕ್ಕನ ಮಗನಿಗೆ ಟ್ಯೂಷನ್‌ಗೆ ಹೋಗಲು ಸ್ಕೂಟರ್ ಕೊಡುತ್ತೇನೆ. ಪಿಯುಸಿ ಹುಡುಗ, 17 ವರ್ಷ. ಚೆನ್ನಾಗಿ ಓಡಿಸುತ್ತಾನೆ.

ವಕೀಲರ ಉತ್ತರ:
ಇವತ್ತೇ ಕೀ ಇಸ್ಕೊಳ್ಳಿ ತಮ್ಮಾ. 2019ರ ತಿದ್ದುಪಡಿಯಲ್ಲಿ ಸೆಕ್ಷನ್ 199ಎ ಬಂದಿದೆ. ಹುಡುಗ ತಪ್ಪು ಮಾಡಿದರೆ ಪೋಷಕರ ಅಥವಾ ಗಾಡಿ ಮಾಲೀಕರ ಮೇಲೆ ಕೇಸು: 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೂ ಲೈಸೆನ್ಸ್ ಸಿಗುವುದಿಲ್ಲ. ನನಗೆ ಗೊತ್ತಿರಲಿಲ್ಲ ಅಂತ ಸಾಬೀತು ಮಾಡುವ ಹೊರೆಯೂ ನಿಮ್ಮದೇ. ನೀವಂತೂ ಇಲ್ಲಿ ಬರೆದೇ ಇಟ್ಟಿದ್ದೀರಿ! 16 ವರ್ಷಕ್ಕೆ ಗೇರ್ ಇಲ್ಲದ್ದು ಓಡಿಸಬಹುದು ಅನ್ನುವುದು 50 ಸಿಸಿವರೆಗಿನ ಗಾಡಿಗೆ, ಅದೂ ಲೈಸೆನ್ಸ್ ಇದ್ದರೆ. ನಿಮ್ಮ ಸ್ಕೂಟರ್ 110 ಸಿಸಿಯೋ 125 ಸಿಸಿಯೋ ಇರುತ್ತದೆ.

ಕೊನೆಯ ಪ್ರಶ್ನೆ:
ಅಪ್ಪ ತೀರಿಕೊಂಡು ಎರಡು ತಿಂಗಳಾಯಿತು. ಅವರ ಸ್ಕೂಟರ್ ನಾನೇ ಓಡಿಸುತ್ತಿದ್ದೇನೆ. ಆರ್‌ಸಿ ಹಾಗೇ ಇರಲಿ ಬಿಡಿ ಅಂತ ಅಮ್ಮ ಹೇಳುತ್ತಾರೆ.

ವಕೀಲರ ಉತ್ತರ:
ಅಮ್ಮನ ಮನಸ್ಸು ಅರ್ಥ ಆಗುತ್ತದೆ. ಆದರೆ 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕಿತ್ತು, 3 ತಿಂಗಳೊಳಗೆ ಫಾರಂ 31ರಲ್ಲಿ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ನಿಮಗೆ ಇನ್ನೂ ಒಂದು ತಿಂಗಳಿದೆ. ಮರಣ ಪ್ರಮಾಣಪತ್ರ, ಆರ್‌ಸಿ, ವಿಮೆ ತಗೊಂಡು ಹೋಗಿ. ಉಳಿದ ವಾರಸುದಾರರ ಒಪ್ಪಿಗೆಯನ್ನೂ ಸಾಮಾನ್ಯವಾಗಿ ಕೇಳುತ್ತಾರೆ, ಅಮ್ಮನ ಸಹಿ ಮೊದಲೇ ಮಾಡಿಸಿಕೊಂಡು ಹೋಗಿ. ಪಾಲಿಸಿಯಲ್ಲೂ ಹೆಸರು ಬದಲಾಯಿಸಿ.