ದೊಡ್ಡ ಹೂಡಿಕೆದಾರರು ಕೊಂಡ ಷೇರನ್ನೇ ನಾವೂ ಕೊಳ್ಳಬಹುದಾ?

ಹುಬ್ಬಳ್ಳಿಯಿಂದ ಪ್ರಶ್ನೆ: ನನಗೆ 29 ವರ್ಷ, ಸಂಬಳ 38,000. ತಿಂಗಳಿಗೆ 8,000 ಉಳಿಯುತ್ತದೆ. ಹೆಸರು ಮಾಡಿದ ಹೂಡಿಕೆದಾರರು ಯಾವ ಷೇರು ಕೊಳ್ಳುತ್ತಾರೋ ಅದನ್ನೇ ಕೊಳ್ಳೋಣ ಅಂತಿದ್ದೇನೆ. ಮಾಡಿ ನೋಡಿದವರು ಇದ್ದರೆ ದಯವಿಟ್ಟು ಹೇಳಿ.

ಮೈಸೂರಿನಿಂದ: ನಾನು ಎರಡು ವರ್ಷ ಇದನ್ನೇ ಮಾಡಿದೆ. ಕಂಪನಿಯಲ್ಲಿ ಶೇ 1ಕ್ಕಿಂತ ಜಾಸ್ತಿ ಪಾಲು ಇರುವವರ ಹೆಸರು ಮೂರು ತಿಂಗಳಿಗೊಮ್ಮೆ ಹೊರಗೆ ಬರುತ್ತದೆ. ಆ ಪಟ್ಟಿ ನೋಡಿ ಒಂದು ಸಣ್ಣ ಕಂಪನಿಗೆ 1.4 ಲಕ್ಷ ಹಾಕಿದೆ. ಆದರೆ ಪಟ್ಟಿ ನಮ್ಮ ಕಣ್ಣಿಗೆ ಬೀಳುವಾಗ ಅವರು ಕೊಂಡು ವಾರಗಳೇ ಕಳೆದಿರುತ್ತವೆ. ಬೆಲೆಯೂ ಏರಿರುತ್ತದೆ. ಮುಂದಿನ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಪೂರ್ತಿ ಮಾರಿದರಾ, ಸ್ವಲ್ಪ ಮಾರಿ ಶೇ 1ರ ಕೆಳಗೆ ಇಳಿದರಾ? ಪಟ್ಟಿ ಅದನ್ನು ಹೇಳುವುದಿಲ್ಲ. ಅವರಿಗೆ ಅದು ಹತ್ತಾರು ಷೇರುಗಳಲ್ಲಿ ಒಂದು. ನನಗೆ ಒಂದೂವರೆ ವರ್ಷದ ಉಳಿತಾಯ. 80 ಸಾವಿರಕ್ಕೆ ಮಾರಿ ಹೊರಗೆ ಬಂದೆ.

ಬೆಂಗಳೂರಿನಿಂದ: ಶ್ರೀಮಂತರಿಂದ ನಾನು ಕಲಿತದ್ದು ಒಂದೇ ವಿಷಯ. ಷೇರು ಮಾರಲೇಬೇಕು ಅನ್ನುವ ಪರಿಸ್ಥಿತಿಗೆ ಅವರು ಸಾಮಾನ್ಯವಾಗಿ ಸಿಕ್ಕಿಕೊಳ್ಳುವುದಿಲ್ಲ.

ನಮ್ಮ ಅಪ್ಪನ ಕಥೆ ಹೇಳುತ್ತೇನೆ. 1993ರಲ್ಲಿ ಇನ್ಫೋಸಿಸ್ ಷೇರು 95 ರೂಪಾಯಿಗೆ ಬಂತು. ಆಗ ಜನ ಅಷ್ಟೇನೂ ಮುಗಿಬೀಳಲಿಲ್ಲ. ಅಪ್ಪ ಸ್ನೇಹಿತರ ಮಾತು ಕೇಳಿ 9,500 ಕೊಟ್ಟು 100 ಷೇರು ತೆಗೆದುಕೊಂಡರು. ಮರುವರ್ಷ ಬೋನಸ್ (ಕಂಪನಿ ಪುಕ್ಕಟೆ ಕೊಡುವ ಷೇರು) ಸೇರಿ 200 ಆಯಿತು. 1995ರಲ್ಲಿ ಅಜ್ಜಿಗೆ ಆಪರೇಷನ್. ಕೈಯಲ್ಲಿ ಬೇರೆ ದುಡ್ಡಿರಲಿಲ್ಲ, ಎಲ್ಲಾ ಮಾರಿದರು. ಇಟ್ಟುಕೊಂಡಿದ್ದರೆ 2018ರ ಹೊತ್ತಿಗೆ ಬೋನಸ್ಸು, ಸ್ಪ್ಲಿಟ್ಟು (ಒಂದು ಷೇರನ್ನು ಒಡೆದು ಹೆಚ್ಚು ಷೇರು ಮಾಡುವುದು) ಎಲ್ಲಾ ಸೇರಿ 1 ಲಕ್ಷಕ್ಕೂ ಜಾಸ್ತಿ ಷೇರು ಆಗುತ್ತಿತ್ತು. ಅಜ್ಜಿ ಆಮೇಲೆ ಹನ್ನೊಂದು ವರ್ಷ ಬದುಕಿದರು. ಹಾಗಾಗಿ ಅಪ್ಪನಿಗೆ ಮಾರಿದ್ದಕ್ಕೆ ಬೇಸರವಿಲ್ಲ, ನನಗೂ ಇಲ್ಲ. ಆದರೆ ಆಸ್ಪತ್ರೆಗೆ ಅಂತ ಬೇರೆ ದುಡ್ಡು ಇದ್ದಿದ್ದರೆ ಷೇರೂ ಉಳಿಯುತ್ತಿತ್ತು, ಅಲ್ವಾ?

ಅದಕ್ಕೇ ನಾನು ಮೊದಲು ಆರು ತಿಂಗಳ ಖರ್ಚು ಎಫ್‌ಡಿಯಲ್ಲಿ ಇಟ್ಟೆ. ಅಪ್ಪ ಅಮ್ಮನಿಗೆ ಆರೋಗ್ಯ ವಿಮೆ ಮಾಡಿಸಿದೆ. ಇಷ್ಟಕ್ಕೇ ವರ್ಷದ ಮೇಲೆ ಹಿಡಿಯಿತು. ಆಮೇಲೆ ದೊಡ್ಡ 50 ಕಂಪನಿಗಳ ಸೂಚ್ಯಂಕವಾದ ನಿಫ್ಟಿಯನ್ನೇ ಅನುಸರಿಸುವ ಇಂಡೆಕ್ಸ್ ಫಂಡಿನಲ್ಲಿ, ತಿಂಗಳು ತಿಂಗಳು ಒಂದಿಷ್ಟು ಹಾಕುವ ಎಸ್‌ಐಪಿ. 2020ರ ಜನವರಿಯಲ್ಲಿ 12,400ರ ಹತ್ತಿರ ಇದ್ದ ನಿಫ್ಟಿ ಮಾರ್ಚ್‌ನಲ್ಲಿ 7,500ಕ್ಕೆ ಬಿತ್ತು. ಅದೇ ಹೊತ್ತಿಗೆ ನನ್ನ ಸಂಬಳವನ್ನೂ ಕಡಿತ ಮಾಡಿದರು. ಎಫ್‌ಡಿಯಿಂದ ಮನೆ ನಡೆಯಿತು. ಒಂದು ಯೂನಿಟ್ಟನ್ನೂ ಮಾರಲಿಲ್ಲ.

ಅಮೆರಿಕದ ಹೆಸರಾಂತ ಹೂಡಿಕೆದಾರ ವಾರೆನ್ ಬಫೆಟ್ ತಮ್ಮ ಕಂಪನಿಯ ಷೇರುದಾರರಿಗೆ ಬರೆದ 2013ರ ಸಾಲಿನ ಪತ್ರದಲ್ಲಿ, ಹೆಂಡತಿಗೆ ಬಿಟ್ಟುಹೋಗುವ ದುಡ್ಡಿನಲ್ಲಿ ಶೇ 90 ಕಡಿಮೆ ಖರ್ಚಿನ ಇಂಡೆಕ್ಸ್ ಫಂಡಿಗೆ, ಶೇ 10 ಸರ್ಕಾರಿ ಬಾಂಡಿಗೆ ಹೋಗಬೇಕು ಅಂತ ಬರೆದಿದ್ದಾರೆ. ಎಲ್ಲರೂ ಆ 90ರ ಬಗ್ಗೆಯೇ ಮಾತಾಡುತ್ತಾರೆ. ನನಗೆ, ಷೇರು ಮಾರದೆ ಕೈಗೆ ಸಿಗುವ ಆ 10 ದೊಡ್ಡದಾಗಿ ಕಾಣುತ್ತದೆ.

ಶಿವಮೊಗ್ಗದಿಂದ: ಒಂದು ಮಾತು ಸೇರಿಸುತ್ತೇನೆ. ದೊಡ್ಡವರ ಫೋಟೋ ಹಾಕಿಕೊಂಡು ಟೆಲಿಗ್ರಾಮಿನಲ್ಲಿ ಆಪ್ಷನ್ಸ್ (ಬೆಲೆ ಏರುತ್ತದಾ ಇಳಿಯುತ್ತದಾ ಅಂತ ಪಂದ್ಯ ಕಟ್ಟಿದಂಥ ವ್ಯವಹಾರ) ಟಿಪ್ಸ್ ಕೊಡುವವರ ಹತ್ತಿರ ಹೋಗಬೇಡಿ. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಎಫ್‌ ಅಂಡ್ ಓ (ಫ್ಯೂಚರ್ಸ್ ಮತ್ತು ಆಪ್ಷನ್ಸ್) ಮಾಡಿದ ಸಾಮಾನ್ಯ ಜನರಲ್ಲಿ ಶೇ 93 ಮಂದಿ ದುಡ್ಡು ಕಳೆದುಕೊಂಡಿದ್ದಾರೆ ಅಂತ ಷೇರು ಪೇಟೆಯ ನಿಯಂತ್ರಣ ಸಂಸ್ಥೆ ಸೆಬಿಯೇ ಹೇಳಿದೆ. ನನ್ನ ತಮ್ಮ ಅದರಲ್ಲಿ ಒಬ್ಬ.

ಹುಬ್ಬಳ್ಳಿಯಿಂದ ಮತ್ತೆ: ಎಲ್ಲರಿಗೂ ಧನ್ಯವಾದ. ಅಪ್ಪನಿಗೆ 61 ವರ್ಷ, ಶುಗರ್ ಇದೆ, ವಿಮೆ ಇಲ್ಲ. ಈಗ ಕೊಡುತ್ತಾರಾ?

ಬೆಂಗಳೂರಿನಿಂದ: ನಮ್ಮ ಅಪ್ಪನಿಗೂ ಶುಗರ್ ಇತ್ತು, ಸಿಕ್ಕಿತು. ಪ್ರೀಮಿಯಂ ಸ್ವಲ್ಪ ಜಾಸ್ತಿ ಆಗಬಹುದು. ಅರ್ಜಿಯಲ್ಲಿ ಶುಗರ್ ಇರುವುದನ್ನು ಬರೆಯಲೇಬೇಕು. ಏಜೆಂಟ್ ಬೇಡ ಅಂದರೂ ಬರೆಯಿರಿ. ಮುಚ್ಚಿಟ್ಟರೆ ಕ್ಲೇಮ್ ಹೊತ್ತಲ್ಲಿ ತೊಂದರೆ. ಮೊದಲೇ ಇರುವ ಕಾಯಿಲೆಗೆ ಕ್ಲೇಮ್ ಸಿಗಲು ಹೆಚ್ಚೆಂದರೆ ಮೂರು ವರ್ಷ ಕಾಯಬೇಕಾಗುತ್ತದೆ. ಅದಕ್ಕೇ ಈ ತಿಂಗಳೇ ಶುರು ಮಾಡಿ. ಎಸ್‌ಐಪಿ ನಾಲ್ಕು ತಿಂಗಳು ತಡವಾದರೂ ಪರವಾಗಿಲ್ಲ.