‘ಗೇರ್ ಇಳಿಸುವುದು’ ಎಂದರೆ ಸಂಖ್ಯೆ ಏರುವುದೇ? ಕ್ರೌನ್-ಪಿನಿಯನ್ ಲೆಕ್ಕಕ್ಕೆ ಕನ್ನಡ ಮಾತು

ಪ್ರಶ್ನೆ:

ಅಮೆರಿಕದ ಹಳೆಯ ಪಿಕಪ್‌ಗಳಿಗೆ ದೊಡ್ಡ ಟೈರ್ ಹಾಕಿದ ಮೇಲೆ ಎಕ್ಸೆಲ್ (ಚಕ್ರಗಳನ್ನು ತಿರುಗಿಸುವ ಭಾಗ) ಗೇರ್ ಬದಲಿಸುವ ಬಗ್ಗೆ ಒಂದು ಕೈಪಿಡಿ ಕನ್ನಡಕ್ಕೆ ಬರುತ್ತಿದೆ. ಮಾದರಿ ಗಾಡಿ 1990ರ ಫೋರ್ಡ್ ಎಫ್-150, ಫೋರ್ ವೀಲ್ ಡ್ರೈವ್, ಇ4ಓಡಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್, 3.55 ರೇಶಿಯೋ. ಹಾಕಿರುವುದು 35 ಇಂಚಿನ ಟೈರ್. 3.55ರಿಂದ 4.56ಕ್ಕೆ ಹೋಗುವುದನ್ನು ಮೂಲದಲ್ಲಿ ‘ಲೋಯರ್ ಗೇರ್’ ಎನ್ನುತ್ತಾರೆ. ‘ಗೇರ್ ಇಳಿಸಬೇಕು’ ಎಂದು ಬರೆದರೆ ಓದುವವರು 3.08ರಂಥ ಚಿಕ್ಕ ಸಂಖ್ಯೆಯ ಕಡೆ ಹೋಗುತ್ತಾರೆ, ‘ಏರಿಸಬೇಕು’ ಎಂದರೆ ಮೂಲಕ್ಕೆ ಎದುರಾಗುತ್ತದೆ. ಇದಕ್ಕೆ ಯಾವ ಮಾತು ಸರಿ? ಜೊತೆಗೆ ಎಕ್ಸೆಲ್‌ಗೆ ‘ಅಚ್ಚು’, ದೊಡ್ಡ ಟೈರಿಗೆ ‘ದಪ್ಪ ಟೈರ್’, ಬ್ಯಾಕ್‌ಲ್ಯಾಶ್‌ಗೆ ‘ಸಡಿಲ’ ಎಂದು ಬಳಸಬಹುದೇ?

ಉತ್ತರ:

‘ಇಳಿಸು’ ಎಂಬುದನ್ನು ಕರಡಿನಿಂದ ಪೂರ್ತಿ ತೆಗೆದುಬಿಡಿ. ಗ್ಯಾರೇಜಿನ ಕನ್ನಡದಲ್ಲಿ ಆ ಮಾತಿಗೆ ಆಗಲೇ ಎರಡು ಕೆಲಸಗಳಿವೆ. ಎಂಜಿನ್ ಇಳಿಸು, ಗೇರ್‌ಬಾಕ್ಸ್ ಇಳಿಸು ಎಂದರೆ ಬಿಚ್ಚಿ ಕೆಳಗಿಡು. ಡ್ರೈವರ್ ಬಾಯಲ್ಲಿ ಗೇರ್ ಇಳಿಸು ಎಂದರೆ ನಾಲ್ಕರಿಂದ ಮೂರಕ್ಕೆ ಬಾ. ಮೂರನೆಯ ಅರ್ಥವನ್ನೂ ಅದರ ಮೇಲೆ ಹೊರಿಸಿದರೆ ಓದುಗ ತಪ್ಪುವುದು ಖಂಡಿತ, ಆ ತಪ್ಪಿಗೆ ಬೆಲೆ ಎರಡು ಸೆಟ್ ಗೇರು.

ಗೊಂದಲದ ಬೇರು ಇಂಗ್ಲಿಷಿನಲ್ಲೇ ಇದೆ. ಅಲ್ಲಿ ‘ಹೈ’, ‘ಲೋ’ ಹೇಳುವುದು ಗಾಡಿಯ ವೇಗವನ್ನು, ಸಂಖ್ಯೆ ಹೇಳುವುದು ಶಾಫ್ಟಿನ ಸುತ್ತನ್ನು. ಎಕ್ಸೆಲಿನ ಕವಚವಾದ ಹೌಸಿಂಗಿನೊಳಗೆ, ಗೇರ್‌ಬಾಕ್ಸ್ ಕಡೆಯಿಂದ ಬರುವ ಪ್ರೊಪೆಲ್ಲರ್ ಶಾಫ್ಟಿನ ಜೊತೆ ತಿರುಗುವ ಚಿಕ್ಕ ಪಿನಿಯನ್ ಇದೆ, ಅದು ತಿರುಗಿಸುವ ದೊಡ್ಡ ಕ್ರೌನ್ ಇದೆ. ಕ್ರೌನಿನ ಹಲ್ಲನ್ನು ಪಿನಿಯನ್ ಹಲ್ಲಿನಿಂದ ಭಾಗಿಸಿದರೆ ಬರುವುದೇ ರೇಶಿಯೋ: 39ಕ್ಕೆ 11 ಆದರೆ 3.55, 41ಕ್ಕೆ 10 ಆದರೆ 4.10, 41ಕ್ಕೆ 9 ಆದರೆ 4.56. ಅಂದರೆ 4.56ರಲ್ಲಿ ಶಾಫ್ಟು ನಾಲ್ಕೂವರೆ ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು. ಸಂಖ್ಯೆ ಏರಿದಷ್ಟೂ ಎಳೆತ ಹೆಚ್ಚು, ಓಟ ಕಡಿಮೆ.

ಹಾಗಾಗಿ ‘ಎಳೆತದ ಕಡೆಗೆ’, ‘ಓಟದ ಕಡೆಗೆ’ ಎಂಬ ಜೋಡಿಯನ್ನು ಬಳಸಿ, ಪ್ರತಿ ಸಲವೂ ಪಕ್ಕದಲ್ಲಿ ಸಂಖ್ಯೆ ಕೊಡಿ. ದೊಡ್ಡ ಟೈರ್ ಹಾಕಿದ ಗಾಡಿಯ ಬಗ್ಗೆ ಯಾರೇ ಆದರೂ ಮೊದಲು ಹೇಳುವುದು ‘ಎಳೀತಾ ಇಲ್ಲ’ ಎಂದೇ. ರೋಗಕ್ಕೂ ಮದ್ದಿಗೂ ಒಂದೇ ಮಾತು ಸಿಗುತ್ತದೆ. ನಮ್ಮ ಕಡೆಯ ಕಾಫಿ ತೋಟಗಳಲ್ಲಿ ಹಳೆಯ ಜೀಪು ಕಂಡವರಿಗೆ ಇದು ಹೊಸದಲ್ಲ: ವಿಲ್ಲೀಸ್ ಸಿಜೆ-3ಬಿ ಜೀಪಿನದು 43ಕ್ಕೆ 8, ಅಂದರೆ 5.38. ಅದು ಏರು ಹತ್ತುವ ಗುಟ್ಟೂ, ಹೆದ್ದಾರಿಯಲ್ಲಿ ಎಂಜಿನ್ ಅರಚುವ ಕಾರಣವೂ ಅದೇ.

‘ದಪ್ಪ ಟೈರ್’ ಬೇಡ. ದಪ್ಪ ಎಂದರೆ ಅಗಲ ಎಂದಾಗುತ್ತದೆ, ಈ ಲೆಕ್ಕಕ್ಕೆ ಅಗಲ ಬರುವುದೇ ಇಲ್ಲ. ‘ಎತ್ತರದ ಟೈರ್’ ಎನ್ನಿ. ಈ ಗಾಡಿಯ ಕಂಪನಿ ಟೈರ್ 235/75ಆರ್15 ಎಂದಿಟ್ಟುಕೊಳ್ಳಿ: 235ರ ಶೇ. 75 ಪಾಲು 176 ಮಿ.ಮೀ., ಅದರ ಎರಡರಷ್ಟು 352, ಇಂಚಿಗೆ ತಂದರೆ 13.9, ರಿಮ್ಮಿನ 15 ಸೇರಿಸಿದರೆ ಎತ್ತರ 28.9 ಇಂಚು. ಅದರ ಜಾಗಕ್ಕೆ 35 ಬಂದರೆ, ಹಲ್ಲು ಅದೇ ಇದ್ದರೂ ಗಾಡಿಗೆ 3.55 ಹೋಗಿ 2.93 ಆದ ಹಾಗೆ. ಮೊದಲಿನ ಎಳೆತ ಬೇಕೆಂದರೆ ಹಳೆಯ ರೇಶಿಯೋವನ್ನು ಹೊಸ ಎತ್ತರದಿಂದ ಗುಣಿಸಿ ಹಳೆಯ ಎತ್ತರದಿಂದ ಭಾಗಿಸಿ: 3.55 × 35 ÷ 28.9 = 4.30.

4.30 ಬಂದಾಗ 4.10 ಸಾಕೇ, 4.56 ಬೇಕೇ? ಕೈಪಿಡಿ ಇಲ್ಲಿ ತೇಲಿಸಬಾರದು. ಗಂಟೆಗೆ 65 ಮೈಲಿಯಲ್ಲಿ, ಓವರ್‌ಡ್ರೈವ್ (ಎಲ್ಲಕ್ಕಿಂತ ಮೇಲಿನ ಗೇರ್) 0.71 ಇರುವ ಈ ಗೇರ್‌ಬಾಕ್ಸಿನಲ್ಲಿ, ಕಂಪನಿ ಟೈರಿನ ಮೇಲೆ ಎಂಜಿನ್ ನಿಮಿಷಕ್ಕೆ ಸುಮಾರು 1,900 ಸುತ್ತು. ಬರೀ 35ರ ಟೈರ್ ಹಾಕಿದರೆ 1,570ಕ್ಕೆ ಬೀಳುತ್ತದೆ. ಸಣ್ಣ ಏರಿಗೂ ಓವರ್‌ಡ್ರೈವ್ ಪದೇ ಪದೇ ಬಿಟ್ಟು ಮತ್ತೆ ಹಿಡಿದು, ಗೇರ್‌ಬಾಕ್ಸ್ ಎಣ್ಣೆ ಕಾಯುತ್ತದೆ. 4.10ಕ್ಕೆ 1,820, 4.56ಕ್ಕೆ 2,020. ಟೈರ್ ಎತ್ತರವಷ್ಟೇ ಅಲ್ಲ, ಭಾರವೂ ಹೌದು. ಎತ್ತಿದ ಗಾಡಿಗೆ ಗಾಳಿಯ ತಡೆಯೂ ಹೆಚ್ಚು. ಟ್ರೇಲರ್ ಎಳೆಯುವವರು, ಗುಡ್ಡದ ಸೀಮೆಯವರು 4.56ನ್ನೇ ಹಾಕಲಿ. 33 ಇಂಚಿಗೆ ಲೆಕ್ಕ 4.05 ಬರುತ್ತದೆ, ಅಲ್ಲಿ 4.10 ಸರಿಯಾಗಿ ಕೂರುತ್ತದೆ. ಟೈರಿನ ಮೇಲೆ ಬರೆದ ಎತ್ತರವನ್ನು ನಂಬದೆ, ಸೀಮೆಸುಣ್ಣದ ಗುರುತು ಹಾಕಿ ಗಾಡಿಯನ್ನು ಒಂದು ಸುತ್ತು ಉರುಳಿಸಿ, ನೆಲದ ಅಳತೆಯನ್ನು 3.14ರಿಂದ ಭಾಗಿಸಿ. 35 ಎಂದು ಬರೆದದ್ದು ಸಾಮಾನ್ಯವಾಗಿ ಅದಕ್ಕಿಂತ ಚಿಕ್ಕದಾಗಿಯೇ ಸಿಗುತ್ತದೆ.

‘ಅಚ್ಚು’ ಚೆಂದದ ಮಾತು, ಆದರೆ ಎತ್ತಿನ ಗಾಡಿಯ ಅಚ್ಚು ತಿರುಗುವುದಿಲ್ಲ, ಅದರ ಮೇಲೆ ಚಕ್ರ ತಿರುಗುತ್ತದೆ. ಇಲ್ಲಿ ತಿರುಗುವ ಶಾಫ್ಟು, ಕ್ರೌನು, ಎಣ್ಣೆ ಎಲ್ಲವೂ ಒಂದು ಕೊಳವೆಯೊಳಗಿವೆ. ‘ಅಚ್ಚಿನ ಅನುಪಾತ’ ಎಂದರೆ ಓದುಗನಿಗೆ ಮುದ್ರಣಾಲಯ ನೆನಪಾದೀತು. ಇಡೀ ಭಾಗಕ್ಕೆ ‘ಹೌಸಿಂಗ್’, ಒಳಗಿನ ಹಲ್ಲಿಗೆ ‘ಕ್ರೌನ್-ಪಿನಿಯನ್’ ಎಂದರೆ ಯಾವ ಗ್ಯಾರೇಜಿನಲ್ಲೂ ತಿಳಿಯುತ್ತದೆ.

ಹಿಂದು ಮುಂದು ಎರಡನ್ನೂ ಬದಲಿಸಬೇಕೆಂಬುದನ್ನು ದಪ್ಪಕ್ಷರದಲ್ಲಿ ಹಾಕಿ. ಒಂದು ಕಡೆ ಮಾತ್ರ ಬದಲಿಸಿ ಒಣನೆಲದಲ್ಲಿ ಫೋರ್ ವೀಲ್ ಹಾಕಿದರೆ ಬಲವನ್ನು ಹಿಂದು ಮುಂದಕ್ಕೆ ಹಂಚುವ ಟ್ರಾನ್ಸ್‌ಫರ್ ಕೇಸೋ ಶಾಫ್ಟೋ ಮುರಿಯುತ್ತದೆ. ಆದರೆ ಈ ಗಾಡಿಯಲ್ಲಿ ಹಿಂದೆ 3.55, ಮುಂದಿನ ಡಾನಾ 44 ಹೌಸಿಂಗಿನಲ್ಲಿ 3.54 ಎಂದು ಕಂಡರೆ ಅದು ಮುದ್ರಣದ ತಪ್ಪಲ್ಲ, ತಿದ್ದಬೇಡಿ. ಆ ಪುಟ್ಟ ವ್ಯತ್ಯಾಸವನ್ನು ಟೈರೇ ನುಂಗುತ್ತದೆ. ಇನ್ನೊಂದು: ಹಿಂದಿನ 8.8 ಇಂಚಿನ ಹೌಸಿಂಗಿಗೆ ಅದೇ ಕ್ಯಾರಿಯರ್ (ಕ್ರೌನನ್ನು ಹೊರುವ ಭಾಗ) ಸಾಕು, ಡಾನಾ 44ಕ್ಕೆ ಸಾಲದು. ಅದರ ಕ್ಯಾರಿಯರ್ 3.73ರವರೆಗೆ ಒಂದು, 3.92ರಿಂದ ಮೇಲೆ ಬೇರೊಂದು. 4.56ರ ಪಿನಿಯನ್ ಚಿಕ್ಕದು, ಹಳೆಯ ಕ್ಯಾರಿಯರ್ ಮೇಲಿನ ಕ್ರೌನ್ ಅದನ್ನು ಮುಟ್ಟುವುದೇ ಇಲ್ಲ. ಮೂಲದ ‘ಕ್ಯಾರಿಯರ್ ಬ್ರೇಕ್’ ಎಂಬುದನ್ನು ‘ಕ್ಯಾರಿಯರ್ ಒಡೆಯುವುದು’ ಎಂದು ಮಾತ್ರ ಬರೆಯಬೇಡಿ. ‘ಕ್ಯಾರಿಯರ್ ಬದಲಾಗುವ ಗಡಿ’ ಎನ್ನಿ.

‘ಸಡಿಲ’ವೂ ಅಪಾಯ. ಸಡಿಲ ಎಂದು ಓದಿದವರು ಬಿಗಿ ಮಾಡಲು ಹೊರಡುತ್ತಾರೆ. ಬ್ಯಾಕ್‌ಲ್ಯಾಶ್ ಎಂದರೆ ಬೇಕೆಂದೇ ಬಿಟ್ಟ ‘ಹಲ್ಲಿನ ಸಂದು’: ಹೊಸ ಸೆಟ್ಟಿನಲ್ಲಿ ಸಾಮಾನ್ಯವಾಗಿ 0.006ರಿಂದ 0.010 ಇಂಚು, ಸೆಟ್ಟಿನ ಜೊತೆ ಬಂದ ಚೀಟಿಯ ಅಳತೆಯೇ ಕೊನೆಯ ಮಾತು. ಪಿನಿಯನ್ ಅಲುಗದಂತೆ ಹಿಡಿದು, ಕ್ರೌನಿನ ಹಲ್ಲಿಗೆ ಡಯಲ್ ಗೇಜ್ ಇಟ್ಟು, ನಾಲ್ಕು ಕಡೆ ಅಳೆಯಬೇಕು. ಸಂದು ಕಡಿಮೆಯಾದರೆ ಎಣ್ಣೆಗೆ ಜಾಗವಿಲ್ಲದೆ ಹಲ್ಲು ಸುಡುತ್ತದೆ, ಹೆಚ್ಚಾದರೆ ಗೇರ್ ಹಾಕಿದಾಗಲೆಲ್ಲ ‘ಟಕ್’ ಎನ್ನುತ್ತದೆ.

ಹಲ್ಲಿನ ಮೇಲೆ ಹಳದಿ ಪೇಸ್ಟ್ ಬಳಿದು ತಿರುಗಿಸಿದಾಗ ಬೀಳುವ ಗುರುತಿನ ವಿಷಯದಲ್ಲಿ ಕನ್ನಡ ಇಂಗ್ಲಿಷಿಗಿಂತ ಸಲೀಸು. ಅಲ್ಲಿನ ‘ಟೋ’, ‘ಹೀಲ್’ಗಳನ್ನು ಬೆರಳು, ಹಿಮ್ಮಡಿ ಮಾಡದೆ ‘ಒಳತುದಿ’, ‘ಹೊರತುದಿ’ ಎನ್ನಿ. ‘ರೂಟ್’, ‘ಫೇಸ್’ಗಳಿಗೆ ಹಲ್ಲಿನ ‘ಬುಡ’, ‘ನೆತ್ತಿ’. ಆಗ ವಾಕ್ಯ ತಾನಾಗಿ ಬರುತ್ತದೆ: ಗುರುತು ಬುಡಕ್ಕೆ ಬಿದ್ದರೆ ಪಿನಿಯನ್ ಆಳಕ್ಕಿಳಿದಿದೆ, ಪಿನಿಯನ್ ತಲೆಗೂ ಬೇರಿಂಗಿಗೂ ನಡುವಿನ ಶಿಮ್ (ಲೋಹದ ತೆಳು ಬಿಲ್ಲೆ) ತೆಳ್ಳಗೆ ಮಾಡಿ, ನೆತ್ತಿಗೆ ಬಿದ್ದರೆ ದಪ್ಪ ಮಾಡಿ.

‘ಪ್ರೀಲೋಡ್’ಗೆ ‘ಬೇರಿಂಗ್ ಬಿಗಿ’ ಸಾಕು. ಈ ಹಿಂದಿನ ಹೌಸಿಂಗಿನಲ್ಲಿ ಹೊಸ ಬೇರಿಂಗಿಗೆ, ಪಿನಿಯನ್ ತಿರುಗಿಸಲು ಬೇಕಾಗುವ ಬಲದ ಅಳತೆ 16ರಿಂದ 29 ಇಂಚು-ಪೌಂಡ್. ನಟ್ಟನ್ನು ಒಂದಿಷ್ಟೇ ತಿರುಗಿಸಿ ಅಳೆದು, ಮತ್ತೆ ಒಂದಿಷ್ಟು ತಿರುಗಿಸಬೇಕು. ಬಿಗಿ ಮೀರಿದರೆ ನಟ್ಟು ಹಿಂದಕ್ಕೆ ತಿರುಗಿಸಿ ಸರಿಮಾಡುವಂತಿಲ್ಲ. ಒಳಗಿನ ಕ್ರಶ್ ಸ್ಲೀವ್ (ನಟ್ಟು ಬಿಗಿದಂತೆ ಅಮುಕುವ ಪುಟ್ಟ ಕೊಳವೆ) ಆಗಲೇ ಅಮುಕಿಹೋಗಿದೆ, ಹೊಸದೇ ಬೇಕು. ಎರಡು ಸ್ಲೀವ್ ಇಟ್ಟುಕೊಂಡೇ ಕೂರಿ ಎಂದು ಕೈಪಿಡಿಯಲ್ಲಿ ಸೇರಿಸಿ.

‘ಬ್ರೇಕ್-ಇನ್’ಗೆ ‘ಪಳಗಿಸುವುದು’ ಎನ್ನಿ: ಮೊದಲು 15–20 ಮೈಲಿ ಹಗುರವಾಗಿ ಓಡಿಸಿ ತಣ್ಣಗಾಗಲು ಬಿಡುವುದು, 500 ಮೈಲಿಗೆ ಎಣ್ಣೆ ಬದಲಿಸುವುದು.

ಇನ್ನೊಂದು ಉತ್ತರ:

‘ಎಳೆತ’ ಒಪ್ಪಿಗೆ, ಆದರೆ ಅದನ್ನು ಟಾರ್ಕಿಗೂ ಬಳಸಬೇಡಿ. ಗೇರ್ ಬದಲಿಸಿದರೆ ಎಂಜಿನ್ನಿನ ಟಾರ್ಕ್ ಹೆಚ್ಚುವುದಿಲ್ಲ, ಚಕ್ರಕ್ಕೆ ಮುಟ್ಟುವುದು ಹೆಚ್ಚುತ್ತದೆ. ಎಂಜಿನ್ನಿನದಕ್ಕೆ ಟಾರ್ಕ್, ಚಕ್ರದ್ದಕ್ಕೆ ಎಳೆತ ಎಂದು ಬೇರೆ ಇಟ್ಟರೆ ಚೊಕ್ಕ.

ಸ್ಪೀಡೋಮೀಟರಿನ ವಾಕ್ಯವನ್ನೂ ನೋಡಿಕೊಳ್ಳಿ. ಕೇಬಲ್ ಟ್ರಾನ್ಸ್‌ಫರ್ ಕೇಸಿನಿಂದ ಹೊರಡುವ ಗಾಡಿಯಲ್ಲಿ ಬರೀ 35ರ ಟೈರ್ ಹಾಕಿದರೆ ನಿಜವಾದ 65ಕ್ಕೆ ಮುಳ್ಳು 54ರ ಹತ್ತಿರ ನಿಲ್ಲುತ್ತದೆ. 4.56 ಹಾಕಿದ ಮೇಲೆ ತಿರುಗಿ ಶೇ. 6ರಷ್ಟು ಹೆಚ್ಚೇ ತೋರಿಸುತ್ತದೆ. ‘ಸ್ಪೀಡೋ ಕೆಡುತ್ತದೆ’ ಎಂದು ಬರೆದರೆ ರಿಪೇರಿಗೆ ಒಯ್ಯುತ್ತಾರೆ; ‘ಕಮ್ಮಿ ತೋರಿಸುತ್ತದೆ’, ‘ಜಾಸ್ತಿ ತೋರಿಸುತ್ತದೆ’ ಎಂದೇ ಬರೆಯಿರಿ, ಕೇಬಲ್ ತುದಿಯ ಪುಟ್ಟ ಗೇರ್ ಬದಲಿಸಿದರೆ ಸರಿಹೋಗುತ್ತದೆ.

ಕೇಳಿದ ವಾಕ್ಯ ಒಟ್ಟಿಗೆ ಹೀಗಾದೀತು: ‘35 ಇಂಚು ಎತ್ತರದ ಟೈರ್ ಹಾಕಿದ ಮೇಲೆ ಹಿಂದಿನ, ಮುಂದಿನ ಎರಡೂ ಹೌಸಿಂಗಿನ ಕ್ರೌನ್-ಪಿನಿಯನ್ನನ್ನು 3.55ರಿಂದ ಎಳೆತದ ಕಡೆಗೆ, 4.56ಕ್ಕೆ ಬದಲಿಸಿ.’